ಬಾಗಿಲಿಲ್ಲದ ಬ್ಯಾಂಕು

ಹೆಡತಲೆಯಲ್ಲಿರುವ ನನ್ನ ದೊಡ್ಡಮ್ಮನವರಿಗೆ ಎಪ್ಪತ್ತಾರು ವರ್ಷ. ದೊಡ್ಡಪ್ಪನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರು ಕಾಲವಾದ ಮೇಲೆ ದೊಡ್ಡಮ್ಮನವರಿಗೆ ಕುಟುಂಬ ಪಿಂಚಣಿ ಬರುತ್ತಿದೆ. ತಿಂಗಳ ಮೊದಲ ವಾರದಲ್ಲಿ ಒಂದು ದಿನ, ಪೆಟ್ಟಿಗೆಯಿಂದ ತೆಗೆದ ಸೀರೆಯುಟ್ಟು, ಪಾಸ್ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು, ಬೆಳಗಿನ ಬಸ್ಸಿಗೆ ನಂಜನಗೂಡಿನ ಬ್ಯಾಂಕಿಗೆ ಹೋಗುವುದು ಅವರ ಪಾಲಿಗೆ ಒಂದು ವ್ರತವೇ ಆಗಿದೆ. ಪುಸ್ತಕದಲ್ಲಿ ಲೆಕ್ಕ ಮೂಡಿಸಿಕೊಂಡು, ಬೇಕಾದಷ್ಟು ಹಣ ತೆಗೆದು, ಶ್ರೀಕಂಠೇಶ್ವರನಿಗೆ ಕೈಮುಗಿದು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ.

2025ರ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಈ ವ್ರತವನ್ನು ಭಂಗ ಮಾಡಬೇಕೆಂಬ ಹುಮ್ಮಸ್ಸು ನನಗೆ ಬಂದಿತ್ತು. ಆಗಷ್ಟೇ ನಾನು ಆ್ಯಪ್ ಬ್ಯಾಂಕೊಂದರಲ್ಲಿ ಖಾತೆ ತೆರೆದಿದ್ದೆ. ಹೊಸದಾಗಿ ಮತಾಂತರಗೊಂಡವನ ಉತ್ಸಾಹ ಎಂಥದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿತಾಯದ ಹಣವನ್ನೆಲ್ಲ ಅಲ್ಲಿಗೆ ಸಾಗಿಸಿ, ಸರತಿಯ ಸಾಲು, ಚಲನ್ನು, ‘ಊಟದ ವೇಳೆ’ಯ ಫಲಕ ಇವೆಲ್ಲವುಗಳಿಂದ ಮುಕ್ತನಾದೆನೆಂದು ಬೀಗುತ್ತಿದ್ದೆ.

ನಮ್ಮೂರಿನ ಲಕ್ಷ್ಮೀಕಾಂತ ದೇವಾಲಯ ಹೊಯ್ಸಳರ ಕಾಲದ್ದು. ಅಲ್ಲಿ ಹದಿನಾರು ಮುಖದ ಚಾವಡಿ ಎಂದು ಹೆಸರಾದ ಮಂಟಪವೊಂದಿದೆ. ಊರನ್ನಾಳಿದ ನಾಯಕನಿಗೆ ಹದಿನಾರು ಮಂದಿ ಅಳಿಯಂದಿರಿದ್ದರೆಂದೂ, ಮರ್ಯಾದೆಯಲ್ಲಿ ಯಾರಿಗೂ ಹೆಚ್ಚು ಕಡಿಮೆಯಾಗದಂತೆ ಹದಿನಾರು ಆಸನಗಳನ್ನು ಮಾಡಿಸಿದನೆಂದೂ ಊರಿನವರು ಹೇಳುತ್ತಾರೆ. ಸಂಜೆ ದೇವಸ್ಥಾನಕ್ಕೆ ಹೋದಾಗ ಅಲ್ಲಿಯೇ ಕುಳಿತು ನಾನು ದೊಡ್ಡಮ್ಮನವರಿಗೆ ಉಪದೇಶಕ್ಕೆ ತೊಡಗಿದೆ. ಫೋನು ತೆರೆದು ತೋರಿಸಿದೆ. ಹಣ ಎಷ್ಟಿದೆ, ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ ಎಲ್ಲವನ್ನೂ ವಿವರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಗಮನವಿಟ್ಟು ನೋಡಿದರು.

“ಇದಕ್ಕೆ ಬಾಗಿಲು ಎಲ್ಲಿದೆಯಪ್ಪ?”

“ಬಾಗಿಲೇ ಬೇಡ ದೊಡ್ಡಮ್ಮ. ಅದೇ ಇದರ ಸೊಗಸು.”

“ಬಾಗಿಲೇ ಇಲ್ಲದ ಮೇಲೆ, ಏನಾದರೂ ಆದರೆ ತಟ್ಟುವುದು ಯಾವುದನ್ನು?”

ನಾನು ನಕ್ಕೆ. ಮೈಸೂರಿಗೆ ಹಿಂದಿರುಗಿದ ಮೇಲೆ ಈ ಮಾತನ್ನು ನನ್ನಾಕೆಗೆ ಹೇಳಿ ಮತ್ತೊಮ್ಮೆ ನಕ್ಕೆ. ಆಕೆ ನಗಲಿಲ್ಲ.

ಅದೇ ವರ್ಷದ ಅಕ್ಟೋಬರ್ ತಿಂಗಳ ಕೊನೆಯ ವಾರ. ಒಂದು ರಾತ್ರಿ ಎಂಟರ ಹೊತ್ತಿಗೆ ಊರಿನಿಂದ ಕರೆ ಬಂತು. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಬಳಿ ದೊಡ್ಡಮ್ಮ ಜಾರಿ ಬಿದ್ದು ಬಲಗೈ ಮೂಳೆ ಮುರಿದಿದೆ. ಪಕ್ಕದ ಮನೆಯವರು ವ್ಯಾನಿನಲ್ಲಿ ಮೈಸೂರಿಗೆ ಕರೆತರುತ್ತಿದ್ದಾರೆ. ನರ್ಸಿಂಗ್ ಹೋಮಿನಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು 40,000 ರೂಪಾಯಿ ಮುಂಗಡ ಕಟ್ಟಬೇಕೆಂದರು. ಅದೇನು ಮಹಾ ಎಂದು ಫೋನು ತೆಗೆದೆ. ಆದರೆ ಅದು ಹಿಂದಿನ ದಿನವಷ್ಟೇ ಕೊಂಡ ಹೊಸ ಫೋನು. ಹೊಸ ಫೋನಿನಲ್ಲಿ ಖಾತೆಯನ್ನು ಮತ್ತೆ ಜೋಡಿಸಿದ ಮೇಲೆ ಮೊದಲ ಇಪ್ಪತ್ತನಾಲ್ಕು ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳುಹಿಸುವಂತಿಲ್ಲವೆಂದು ಆ್ಯಪ್ ತಿಳಿಸಿತು. ಕಾರ್ಡು ತರಿಸಿಕೊಳ್ಳುವುದು ಹಳೆಯ ಕಾಲದವರ ಪದ್ಧತಿಯೆಂದು ನಾನು ಅದನ್ನು ತರಿಸಿರಲಿಲ್ಲ. ಸಂಬಳದ ಖಾತೆಯಲ್ಲಿ ತಿಂಗಳ ಕೊನೆಗೆ ಎಷ್ಟಿರಬೇಕೋ ಅಷ್ಟೇ ಇತ್ತು. ನನ್ನ ಹಣ ಗಾಜಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು, ಕೊಡದ ಕಡೆ ಮುಗುಳ್ನಗುವ ಸಾಹುಕಾರನಂತೆ.

ಆ ನಿಯಮ ತಪ್ಪೆಂದು ನಾನು ಹೇಳಲಾರೆ. ನನ್ನ ಸಿಮ್ಮನ್ನು ಕದ್ದವನು ನನ್ನ ಗಂಟನ್ನೂ ಕದಿಯದಿರಲೆಂದು ಮಾಡಿದ ನಿಯಮ ಅದು. ಆದರೆ ನಾನು ಕಳ್ಳನಲ್ಲ, ಆಸ್ಪತ್ರೆಯಲ್ಲಿ ನಿಂತಿದ್ದೇನೆ ಎಂದು ಯಾರಿಗೆ ಹೇಳಲಿ? ಸಹಾಯವಾಣಿಯಲ್ಲಿ ಒಂದು ಯಂತ್ರ ಮಾತನಾಡಿತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು. ಒತ್ತಿದೆ. ಸಂಗೀತ ಕೇಳಿಸಿತು. ಕೊನೆಗೆ ಸಿಕ್ಕ ಹುಡುಗಿ ಬಹು ವಿನಯದಿಂದ, ತನ್ನ ಕೈಯಲ್ಲಿ ಏನೂ ಇಲ್ಲವೆಂದಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ. ನಿಜವಾಗಿಯೂ ಅವಳ ಕೈಯಲ್ಲಿ ಏನೂ ಇರಲಿಲ್ಲ. ಆ ರಾತ್ರಿ ಹಣ ಕೊಟ್ಟು ಕಾಪಾಡಿದವರು ನಮ್ಮ ಎದುರು ಮನೆಯವರು.

ಮುಂದಿನದು ಇನ್ನೂ ಸ್ವಾರಸ್ಯವಾಗಿದೆ. ತನ್ನ ಚಿಕಿತ್ಸೆಗೆ ತನ್ನ ಹಣವೇ ಆಗಬೇಕೆಂದು ದೊಡ್ಡಮ್ಮ ಹಟ ಹಿಡಿದರು. ಬಲಗೈಗೆ ಪಟ್ಟಿ ಬಿಗಿದಿದೆ, ಸಹಿ ಮಾಡುವಂತಿಲ್ಲ. ನಾನು ನಂಜನಗೂಡಿನ ಶಾಖೆಗೆ ಫೋನು ಮಾಡಿ ವಿಷಯ ಹೇಳಿದೆ. ಮೈಸೂರಿನಿಂದ ದಿನವೂ ಓಡಾಡುವ ಅಧಿಕಾರಿಯೊಬ್ಬರು ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನರ್ಸಿಂಗ್ ಹೋಮಿಗೆ ಬಂದರು. ಸಹಿ ಮಾಡಲಾರದ ರೋಗಿಯ ಹೆಬ್ಬೆರಳ ಗುರುತನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಪಡೆದು ಹಣ ಕೊಡಬಹುದು, ಸಾಕ್ಷಿಗಳಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುಳ್ಳ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ನನಗೆ ಅದುವರೆಗೆ ಅದು ತಿಳಿದಿರಲಿಲ್ಲ. ದೊಡ್ಡಮ್ಮನನ್ನು ನೋಡಲು ಬಂದಿದ್ದ ಊರಿನ ನಿವೃತ್ತ ಮುಖ್ಯೋಪಾಧ್ಯಾಯರ ಖಾತೆಯೂ ಅದೇ ಶಾಖೆಯಲ್ಲಿದ್ದುದರಿಂದ ಅವರು ಇನ್ನೊಬ್ಬ ಸಾಕ್ಷಿಯಾದರು. ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚುವಾಗ ಆ ಅಧಿಕಾರಿ, “ಅಜ್ಜಿ, ಈ ತಿಂಗಳು ಬರಲಿಲ್ಲ ಅಂತ ನಾನೇ ಅಂದುಕೊಂಡಿದ್ದೆ” ಎಂದರು. ಮರುದಿನ ನಾನು ನಂಜನಗೂಡಿಗೆ ಹೋಗಿ ಸಹಿ ಮಾಡಿ ಹಣ ತಂದೆ. ಬಸ್ಸಿನಲ್ಲಿ ಬರುತ್ತ ಚಾವಡಿಯ ಮಾತು ನೆನಪಿಗೆ ಬಂದು ನಾಚಿಕೆಯಾಯಿತು.

ಹೊಸ ಬಗೆಯ ಬ್ಯಾಂಕಿಗೆ ಪೂರ್ತಿಯಾಗಿ ಒಪ್ಪಿಸಿಕೊಳ್ಳಲು ಹಿಂಜರಿಯುವವರನ್ನು ಕಂಡರೆ ನಾವು ವಿದ್ಯಾವಂತರು ಸಾಮಾನ್ಯವಾಗಿ ‘ಅಜ್ಞಾನ’ ಎಂಬ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಅವರು ಬಹುಮಟ್ಟಿಗೆ ಲೆಕ್ಕ ಹಾಕಿಯೇ ಹಿಂಜರಿದಿರುತ್ತಾರೆ. ಸುಸೂತ್ರವಾಗಿರುವ ಇಪ್ಪತ್ತೊಂಬತ್ತು ದಿನಗಳನ್ನು ಅವರು ನೋಡುವುದಿಲ್ಲ. ಎಡವಟ್ಟಾಗುವ ಮೂವತ್ತನೆಯ ದಿನ ಯಾರ ಮುಂದೆ ನಿಲ್ಲಬೇಕೆಂಬುದನ್ನು ನೋಡುತ್ತಾರೆ. ಅಂಥ ದಿನಗಳು ದೊಡ್ಡ ದೊಡ್ಡ ಹೆಸರುಗಳಿಗೂ ಬಂದಿವೆ. ಮತ್ತೆ ಮತ್ತೆ ಸೇವೆ ನಿಂತುಹೋದ ಕಾರಣ 2020ರ ಡಿಸೆಂಬರಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಹೊಸ ಡಿಜಿಟಲ್ ಯೋಜನೆಗಳಿಗೆ ರಿಸರ್ವ್ ಬ್ಯಾಂಕ್ ತಡೆಯೊಡ್ಡಿತು. 2023ರ ಅಕ್ಟೋಬರಿನಲ್ಲಿ ಬ್ಯಾಂಕ್ ಆಫ್ ಬರೋಡದ ‘ಬಾಬ್ ವರ್ಲ್ಡ್’ ಆ್ಯಪಿಗೆ, 2024ರ ಏಪ್ರಿಲಿನಲ್ಲಿ ಕೋಟಕ್ ಮಹೀಂದ್ರ ಬ್ಯಾಂಕಿಗೆ ಆನ್‌ಲೈನ್ ಮಾರ್ಗದಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳಬಾರದೆಂದು ಆಜ್ಞೆಯಾಯಿತು. ಈ ನಿರ್ಬಂಧಗಳೆಲ್ಲ ಮುಂದೆ ತೆರವಾದವು. ಆದರೆ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ವಿಷಯದಲ್ಲಿ ಹಾಗಾಗಲಿಲ್ಲ. 2024ರ ಮಾರ್ಚ್ 15ರ ಅನಂತರ ಅಲ್ಲಿಯ ಖಾತೆಗಳಿಗೆ ಹೊಸದಾಗಿ ಹಣ ಹಾಕುವಂತಿಲ್ಲವೆಂದಾಯಿತು. ಅಂದು ತರಕಾರಿ ಅಂಗಡಿಯವನೂ ಪತ್ರಿಕೆ ಬಿಡಿಸಿ ಓದಿದ.

ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ‘ಆ್ಯಪ್ ಬ್ಯಾಂಕು’ ಎಂದು ಕರೆಯಿಸಿಕೊಳ್ಳುವ ಎಷ್ಟೋ ಸಂಸ್ಥೆಗಳು ಸ್ವತಃ ಬ್ಯಾಂಕುಗಳೇ ಅಲ್ಲ; ಯಾವುದೋ ಹಳೆಯ ಬ್ಯಾಂಕಿನ ಬೆನ್ನೇರಿ ಕುಳಿತು ಅಂದವಾದ ಮುಖ ತೋರಿಸುವಂಥವು. ಕೇವಲ ಡಿಜಿಟಲ್ ಆದ ಬ್ಯಾಂಕುಗಳಿಗೆ ಪ್ರತ್ಯೇಕ ಪರವಾನಗಿ ಇರಲಿ ಎಂದು ನೀತಿ ಆಯೋಗ 2022ರಲ್ಲಿ ಸಲಹೆ ಮಾಡಿದ್ದುಂಟು. ಮುಖ ಒಬ್ಬರದು, ಬೆನ್ನು ಇನ್ನೊಬ್ಬರದು ಆದಾಗ ಏನಾಗಬಹುದೆಂಬುದನ್ನು ಅಮೆರಿಕೆಯವರು 2024ರಲ್ಲಿ ಕಂಡರು. ಆ್ಯಪುಗಳಿಗೂ ಬ್ಯಾಂಕುಗಳಿಗೂ ನಡುವೆ ಲೆಕ್ಕ ಇಡುತ್ತಿದ್ದ ಸಿನಾಪ್ಸ್ ಎಂಬ ಕಂಪೆನಿ ದಿವಾಳಿಯಾಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ತಮ್ಮದೇ ಹಣ ಕೈಗೆ ಸಿಗದೆ ಹೋಯಿತು. ಬ್ಯಾಂಕುಗಳು ಮುಳುಗಿರಲಿಲ್ಲ, ಆದ್ದರಿಂದ ಠೇವಣಿ ವಿಮೆಯೂ ನೆರವಿಗೆ ಬರಲಿಲ್ಲ. ಯಾರ ಹಣ ಎಷ್ಟೆಂಬ ಲೆಕ್ಕವೇ ಕದಡಿಹೋಗಿತ್ತು.

ಹಾಗೆಂದು ಬಾಗಿಲಿರುವ ಬ್ಯಾಂಕೆಲ್ಲ ಭದ್ರವೆಂದು ಹೇಳಹೊರಟರೆ ಬೆಂಗಳೂರಿನ ಬಸವನಗುಡಿಯವರು ನನ್ನನ್ನು ಬಿಡುವುದಿಲ್ಲ. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ಬಾಗಿಲಿತ್ತು, ಕೌಂಟರಿತ್ತು, ಹೆಸರು ಹಿಡಿದು ಮಾತನಾಡಿಸುವ ಜನರಿದ್ದರು. 2020ರ ಜನವರಿಯಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದಾದಾಗ, ನಿವೃತ್ತಿಯ ಗಂಟನ್ನೆಲ್ಲ ಅಲ್ಲಿಟ್ಟಿದ್ದ ವೃದ್ಧರು ಆ ಬಾಗಿಲಿನ ಮುಂದೆಯೇ ಕಣ್ಣೀರಿಟ್ಟರು. ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ ನಮ್ಮ ದೇಶದಲ್ಲಿ ಠೇವಣಿ ವಿಮೆ ಬಂತು; 1962ರಲ್ಲಿ ಅದರ ಮಿತಿ ತಲಾ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದು 5 ಲಕ್ಷಕ್ಕೆ ಏರಿತು. ಮುಖಪರಿಚಯ ಎಷ್ಟೇ ಇರಲಿ, ಒಂದೇ ಬ್ಯಾಂಕಿನಲ್ಲಿ ಅದಕ್ಕಿಂತ ಹೆಚ್ಚು ಇಡುವವರು ಈ ಅಂಕಿಯನ್ನು ನೆನಪಿಟ್ಟಿರಬೇಕು.

ನಂಬಿಕೆಯಾದರೂ ವಿಚಿತ್ರವಾದ ವಸ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ನಮ್ಮ ಕಡೆಯ ಹಿರಿಯರು ಇಂದಿಗೂ ‘ಮೈಸೂರು ಬ್ಯಾಂಕು’ ಎಂದೇ ಅನ್ನುತ್ತಾರೆ. ಹಲಗೆ ಬದಲಾದರೂ ಕಟ್ಟಡ ಅಲ್ಲಿಯೇ ಇದೆ ಎಂಬುದು ಅವರಿಗೆ ಸಾಕು.

ದೊಡ್ಡಮ್ಮ ನಮ್ಮ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಒಂದು ದಿನ ನಾನು ಮತ್ತೆ ಈ ವಿಷಯ ತೆಗೆದೆ. ನನ್ನಾಕೆ ಅಡಿಗೆಮನೆಯಿಂದಲೇ, “ಆ್ಯಪ್ ಇದ್ದರೆ ಖಾತೆ ಯಾರದಾಗುತ್ತದೆ, ಅದನ್ನು ಮೊದಲು ಹೇಳಿ” ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ದೊಡ್ಡಮ್ಮ ಊರಿನ ಕತೆ ಹೇಳಿದರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಪಾಸ್ ಪುಸ್ತಕ ಅವಳ ಅಕ್ಕಿಡಬ್ಬಿಯ ಕೆಳಗಿರುತ್ತದೆ. ಫೋನು ಮಾತ್ರ ಗಂಡನದೋ ಮಗನದೋ. ಪುಸ್ತಕ ಹಿಡಿದು ಅವಳು ಬ್ಯಾಂಕಿಗೆ ಹೋದರೆ ಹಣ ಅವಳ ಕೈಗೆ ಬರುತ್ತದೆ. ಗುಟ್ಟಿನ ಸಂಖ್ಯೆ ಮಗನಿಗೆ ಗೊತ್ತಿರುವ ಫೋನಿನಲ್ಲಿ ಬಂದರೆ ಅವನ ಕೈಗೆ ಬರುತ್ತದೆ. “ಕೇಳಿದರೆ ಕೊಡುವುದಿಲ್ಲ ಅಂತಲ್ಲಪ್ಪ, ಕೊಡುತ್ತಾನೆ. ಆದರೆ ಕೇಳಬೇಕಲ್ಲ” ಎಂದರು ದೊಡ್ಡಮ್ಮ. ಹನ್ನೆರಡು ವರ್ಷ ತರಗತಿಗಳಲ್ಲಿ ಸ್ತ್ರೀ ಸ್ವಾತಂತ್ರ್ಯದ ಮೇಲೆ ಉಪನ್ಯಾಸ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ತಿಂಗಳಿಗೊಮ್ಮೆ ನಂಜನಗೂಡಿಗೆ ಹೋಗುವ ಆ ಬಸ್ ಪ್ರಯಾಣವನ್ನು ನಾನು ತೊಂದರೆಯೆಂದು ಬಗೆದಿದ್ದೆ. ಹಣವನ್ನು ಯಾರನ್ನೂ ಕೇಳದೆ ಮುಟ್ಟುವ ದಾರಿ ಅವರಿಗೆ ಅದೊಂದೇ ಆಗಿತ್ತು.

ಮೋಸದ ಭಯವೂ ಸುಳ್ಳಲ್ಲ. ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿ, ಅವನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ವಿಧಿಸಿತು. ಆದರೆ ಓಟಿಪಿಯನ್ನು ಅವನೇ ಬಾಯಿಬಿಟ್ಟು ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದೇ. ‘ಪೊಲೀಸಿನವನು ಮಾತನಾಡುತ್ತಿದ್ದೇನೆ’ ಎಂಬ ಗದರಿಕೆಗೆ ಪ್ರಾಧ್ಯಾಪಕರೂ ವೈದ್ಯರೂ ನಡುಗಿ ಹಣ ಕಳೆದುಕೊಂಡಿರುವ ಈ ಕಾಲದಲ್ಲಿ, ತನ್ನ ಬಾಯಿಯ ಮೇಲೆ ತನಗೇ ನಂಬಿಕೆಯಿಲ್ಲದವನು ದಡ್ಡನೆ? ಅಂಥ ಸಂಕಟ ಬಂದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನಾದರೂ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ನಾನೀಗ ಆ್ಯಪನ್ನು ಬಿಟ್ಟಿಲ್ಲ. ಹಾಲು, ತರಕಾರಿ, ಆಟೋ, ಮಗಳ ಶಾಲೆಯ ಶುಲ್ಕ ಎಲ್ಲ ಅದರಲ್ಲಿಯೇ ನಡೆಯುತ್ತದೆ. ಅಷ್ಟಕ್ಕೆ ಬೇಕಾದಷ್ಟು ಹಣ ಮಾತ್ರ ಅಲ್ಲಿರುತ್ತದೆ. ಗಂಟು ಬಾಗಿಲಿರುವ ಕಡೆಗೆ ಮರಳಿದೆ. ಕಾರ್ಡನ್ನೂ ತರಿಸಿಕೊಂಡೆ. ನನ್ನಾಕೆಯ ಹೆಸರಿನಲ್ಲಿ ಬೇರೆಯೇ ಒಂದು ಖಾತೆಯಾಯಿತು. ಅದರ ಸಂಖ್ಯೆ ನನಗೆ ತಿಳಿಯದು.

ಡಿಸೆಂಬರಿನಲ್ಲಿ ಪಟ್ಟಿ ಬಿಚ್ಚಿದ ಮೇಲೆ ದೊಡ್ಡಮ್ಮ ಮೊದಲ ಬಾರಿಗೆ ಬ್ಯಾಂಕಿಗೆ ಹೊರಟರು. ಜೊತೆಗೆ ನಾನೂ ಹೋದೆ. ಪಾಸ್ ಪುಸ್ತಕ ಮುದ್ರಿಸುವ ಯಂತ್ರ ಕೆಟ್ಟಿತ್ತು. ಗುರುವಾರ ಬನ್ನಿ ಎಂದರು. ಇಷ್ಟು ದೂರ ಬಂದು ಬರಿಗೈಯಲ್ಲಿ ಹಿಂದಿರುಗಬೇಕಾಯಿತಲ್ಲ ಎಂದು ನಾನು ಗೊಣಗಿದೆ.

“ಗುರುವಾರ ಬಂದರಾಯಿತು ಬಿಡಪ್ಪ” ಎಂದರು ದೊಡ್ಡಮ್ಮ, ಬಸ್ಸಿನ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತ. “ಅವತ್ತು ಆಸ್ಪತ್ರೆಗೆ ಬಂದಿದ್ದನಲ್ಲ ಆ ಹುಡುಗ, ಅವನ ಹೆಂಡತಿಗೆ ಇದೇ ತಿಂಗಳು ಹೆರಿಗೆಯಂತೆ. ಅವನು ರಜ ಹಾಕುವುದರೊಳಗೆ ಒಂದು ಡಬ್ಬಿ ಅಂಟಿನುಂಡೆ ಮಾಡಿ ಕೊಟ್ಟು ಬರಬೇಕು.”