ಮಗುವಿನ ಮೊದಲ ಪಾಸ್‌ಪೋರ್ಟ್

ಗಲ್ಫ್‌ನಲ್ಲಿ ದುಡಿಯುವ ತಂದೆಯನ್ನು ಮಗು ಮೊದಲು ಗುರುತಿಸುವುದು ಫೋನಿನ ಪರದೆಯಲ್ಲಿ. ಪರದೆಯನ್ನು ಕಂಡೊಡನೆ ನಗುವ ಅದೇ ಮಗು, ತಂದೆ ರಜೆಯಲ್ಲಿ ಊರಿಗೆ ಬಂದು ಕೈಚಾಚಿದಾಗ ಅಜ್ಜಿಯ ಬೆನ್ನ ಹಿಂದೆ ಅಡಗಿ ಅಳುತ್ತದೆ. ಮನೆಯವರೆಲ್ಲ ನಗುತ್ತಾರೆ. ಆ ತಂದೆ ಮಾತ್ರ ನಗಲಾರ. ಮಗು ಹೊಂದಿಕೊಳ್ಳುವ ಹೊತ್ತಿಗೆ ಆತನ ರಜೆ ಮುಗಿದಿರುತ್ತದೆ.

ಈ ದೃಶ್ಯ ಕರಾವಳಿಯ ಮನೆಗಳಿಗೆ ಹೊಸದಲ್ಲ, ಘಟ್ಟದ ಮೇಲಿನ ಸಕಲೇಶಪುರ, ಆಲೂರು ಭಾಗದ ಮನೆಗಳಿಗೂ ಹೊಸದಲ್ಲ. ಹೊಂಗಡಹಳ್ಳದಲ್ಲಿ ಅಂತಹದೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ ದುಬೈಯಲ್ಲಿ, ಹೆಂಡತಿ ಒಂದೂವರೆ ವರ್ಷದ ಮಗುವಿನೊಂದಿಗೆ ಅತ್ತೆ ಮಾವಂದಿರ ಮನೆಯಲ್ಲಿ. ಮೂರು ವಾರಗಳ ಮಟ್ಟಿಗೆ ತಾಯಿಮಗು ಅಲ್ಲಿಗೆ ಹೋಗಿ ಬರಲಿ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಕೂಡಲೇ ಆಕ್ಷೇಪಗಳು ಸಾಲುಗಟ್ಟುತ್ತವೆ. ಇಷ್ಟು ಚಿಕ್ಕ ಮಗುವನ್ನು ವಿಮಾನದಲ್ಲಿ ಕೊಂಡೊಯ್ಯುವುದೇ? ಅಷ್ಟು ಹಣ ಸುರಿಯುವುದೇ? ಹೆಂಗಸೊಬ್ಬಳೇ ಹೋಗುವುದೇ?

ಈ ಪ್ರವಾಸವನ್ನು ಶೋಕಿ ಎಂದು ತಳ್ಳಿಹಾಕುವವರೊಂದಿಗೆ ನಮಗೆ ಸಹಮತವಿಲ್ಲ. ಮದುವೆಯ ಒಂದು ರಾತ್ರಿಯ ಊಟಕ್ಕೆ ಸಾಲ ಮಾಡಲು ಹಿಂಜರಿಯದ ಮನೆಯವರು, ಮಗು ತನ್ನ ತಂದೆಯ ಮಡಿಲಲ್ಲಿ ಇಪ್ಪತ್ತು ದಿನ ಕಳೆಯುವ ವಿಷಯ ಬಂದಾಗ ಮಿತವ್ಯಯದ ಪಾಠ ಹೇಳುವುದು ವಿಚಿತ್ರ. ಯು.ಎ.ಇ.ಯಲ್ಲಿ ಕುಟುಂಬವನ್ನು ಶಾಶ್ವತವಾಗಿ ಜೊತೆಗಿರಿಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್, ಅಥವಾ ವಸತಿ ಸಹಿತ 3,000 ದಿರ್ಹಮ್ ಸಂಬಳವಿರಬೇಕು. ಅಂಗಡಿ, ಹೋಟೆಲು, ಗೋದಾಮುಗಳಲ್ಲಿ ದುಡಿಯುವ ಎಷ್ಟೋ ಯುವಕರು ಆ ಗೆರೆಯ ಕೆಳಗಿದ್ದಾರೆ. ಅವರ ಪಾಲಿಗೆ ಭೇಟಿ ವೀಸಾ ಒಂದೇ ಕಿಟಕಿ. ಆದರೆ ಇಂತಹ ಪ್ರವಾಸಕ್ಕೆ ನಮ್ಮಲ್ಲಿ ನಡೆಯುವ ಸಿದ್ಧತೆಯ ಬಗ್ಗೆ ಮಾತ್ರ ನಮಗೆ ಗಂಭೀರ ಆಕ್ಷೇಪವಿದೆ.

ಸಿದ್ಧತೆ ಆರಂಭವಾಗಬೇಕಾದುದು ಟಿಕೆಟಿನಿಂದಲ್ಲ, ಜನನ ಪ್ರಮಾಣಪತ್ರದಿಂದ. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿಯಾಯಿತು. 2025ರ ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ನಿಯಮಗಳೂ ಬದಲಾದವು. 2023ರ ಅಕ್ಟೋಬರ್ 1ರಂದು ಅಥವಾ ಅದರ ಬಳಿಕ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕಾದರೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಇಂದು ಅಂಬೆಗಾಲಿಡುವ, ತೊದಲುವ ಮಕ್ಕಳೆಲ್ಲ ಈ ನಿಯಮದೊಳಗೆ ಬರುವವರು. ಹುಟ್ಟಿದ 21 ದಿನಗಳೊಳಗೆ ಮಾಹಿತಿ ನೀಡಿದರೆ ನೋಂದಣಿಗೆ ಖರ್ಚಿಲ್ಲ. ಮೂವತ್ತು ದಿನ ದಾಟಿದರೆ ಮೇಲಧಿಕಾರಿಯ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಕ್ಕಳ ನೋಂದಣಿ ಹೇಗೋ ಆಗಿರುತ್ತದೆ. ಆದರೆ ಎಷ್ಟೋ ಪ್ರಮಾಣಪತ್ರಗಳಲ್ಲಿ ಹೆಸರಿನ ಜಾಗ ಖಾಲಿ. ಹೆಸರಿಡುವ ಮೊದಲೇ ಪತ್ರ ಬರೆಯಿಸಿ, ಆಮೇಲೆ ಸೇರಿಸಲು ಯಾರೂ ಕಚೇರಿಯ ಮೆಟ್ಟಿಲು ಹತ್ತಿರುವುದಿಲ್ಲ. ಒಂದು ವರ್ಷದೊಳಗಾದರೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು ಎಂಬುದು ಎಷ್ಟು ಮಂದಿಗೆ ಗೊತ್ತು?

ಹೆಸರಿನ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ತಂದೆಯ ಹೆಸರು ಪಡಿತರ ಚೀಟಿಯಲ್ಲಿ ಒಂದು ಬಗೆ, ಆತನ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ, ಮಗುವಿನ ಜನನ ಪತ್ರದಲ್ಲಿ ಮತ್ತೊಂದು ಬಗೆ. ಮೊಹಮ್ಮದ್, ಮಹಮ್ಮದ್, ಮುಹಮ್ಮದ್ ಮೂರೂ ನಮಗೆ ಒಂದೇ, ಕಂಪ್ಯೂಟರಿಗೆ ಮೂವರು. 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಷ್ಟೇ ಇರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯು.ಎ.ಇ. ಪ್ರಕಟಿಸಿದಾಗ ಗಾಬರಿಗೊಂಡವರು ಬಹಳ ಮಂದಿ. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂಬ ಸ್ಪಷ್ಟೀಕರಣ ಬಳಿಕ ಬಂತು. ಆದರೂ ಫಾತಿಮಾ ಎಂದಷ್ಟೇ ಬರೆಯಿಸಿ ಸುಮ್ಮನಾಗುವ ನಮ್ಮ ರೂಢಿ ಮಗುವಿಗೆ ಮುಂದೆ ತೊಡಕಾಗುವುದು ಖಚಿತ.

ಒಂದು ಸಣ್ಣ ಕಾಗದಕ್ಕಾಗಿ ಜನಸಾಮಾನ್ಯರು ಇಷ್ಟು ಅಲೆಯಬೇಕೇ ಎಂದು ಸರಕಾರವನ್ನೂ ಕೇಳಬೇಕಾಗಿದೆ. ಏಕೈಕ ಪುರಾವೆ ಎಂದು ಒಂದು ಪತ್ರವನ್ನು ಘೋಷಿಸುವ ಸರಕಾರಕ್ಕೆ, ಆ ಪತ್ರವನ್ನು ತಪ್ಪಿಲ್ಲದೆ ಮನೆಬಾಗಿಲಿಗೆ ತಲುಪಿಸುವ ಹೊಣೆಯೂ ಇದೆ. ಒಂದು ಅಕ್ಷರದ ತಿದ್ದುಪಡಿಗೆ ತೋಟದ ಕೂಲಿಕಾರ್ಮಿಕ ಒಂದು ದಿನದ ಕೂಲಿ ಬಿಟ್ಟು ತಾಲೂಕು ಕೇಂದ್ರಕ್ಕೆ ಹೋಗುತ್ತಾನೆ. ನಾಳೆ ಬಾ ಎಂದರೆ ಎರಡು ದಿನದ ಕೂಲಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಬಳಿಕ ಮುಸ್ಲಿಮರು ಜನನ ಪತ್ರಕ್ಕಾಗಿ ಆತಂಕದಿಂದ ಓಡಾಡಿದ್ದನ್ನು ನಾವು ಕಂಡಿದ್ದೇವೆ. ಭಯದಿಂದ ಕಾಗದ ಹುಡುಕುವುದಕ್ಕೂ ಹಕ್ಕೆಂದು ತಿಳಿದು ಕಾಲಕ್ಕೆ ಸರಿಯಾಗಿ ಪಡೆದಿಡುವುದಕ್ಕೂ ವ್ಯತ್ಯಾಸವಿದೆ. ಮಸೀದಿಯ ಜಮಾಅತ್ ಸಮಿತಿಗಳು ನಿಕಾಹ್ ಪುಸ್ತಕವನ್ನು ಎಷ್ಟು ಜತನದಿಂದ ಇಡುತ್ತವೆಯೋ ಅಷ್ಟೇ ಜತನದಿಂದ ಮಹಲ್ಲಿನಲ್ಲಿ ಹುಟ್ಟುವ ಪ್ರತಿ ಮಗುವಿನ ನೋಂದಣಿ ಆಯಿತೇ ಎಂದು ವಿಚಾರಿಸಿದರೆ ಅರ್ಧ ತೊಂದರೆ ತಪ್ಪೀತು.

ಪಾಸ್‌ಪೋರ್ಟ್ ಮಾಡಿಸುವುದು ಜನ ಹೆದರುವಷ್ಟು ಕಷ್ಟದ್ದಲ್ಲ. ಹಾಸನದ ಅಂಚೆ ಕಚೇರಿಯಲ್ಲಿಯೇ ಸೇವಾ ಕೇಂದ್ರವಿದೆ. ಮಕ್ಕಳ ಹೊಸ ಪಾಸ್‌ಪೋರ್ಟಿಗೆ ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಶೇ. 10 ರಿಯಾಯಿತಿ, ಅವಧಿ ಐದು ವರ್ಷ. ನಾಲ್ಕು ವರ್ಷದೊಳಗಿನ ಮಗುವಿನ ಫೋಟೋವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಯಿಸಿ ನಾವೇ ಒಯ್ಯಬೇಕು. ತಂದೆತಾಯಿ ಇಬ್ಬರ ಸಹಿಯ ಘೋಷಣೆ ಬೇಕಾಗುವುದರಿಂದ, ವಿದೇಶದಲ್ಲಿರುವ ತಂದೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪತ್ರವನ್ನು ಮೊದಲೇ ಕಳುಹಿಸಬೇಕು. ಇದಕ್ಕೆ ಏಜೆಂಟರಿಗೆ ಸಾವಿರಾರು ರೂಪಾಯಿ ತೆರುವ ಅಗತ್ಯ ನಮಗೆ ಕಾಣುವುದಿಲ್ಲ.

ಇನ್ನು ಯಾವಾಗ ಹೋಗುವುದು? ಪೇಟೆಯವರಿಗೆ ಇದು ರಜೆಯ ಪ್ರಶ್ನೆ, ಮಲೆನಾಡಿನವರಿಗೆ ಮಳೆಯ ಪ್ರಶ್ನೆ. ಜೂನ್‌ನಿಂದ ತೋಟದ ಕೆಲಸ ಹಗುರಾಗುತ್ತದೆಂದು ಜುಲೈಗೆ ಟಿಕೆಟ್ ಮಾಡಿದರೆ ಘಾಟಿ ಇಳಿಯುವ ಭರವಸೆಯಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 75ರ ಸಂಚಾರ ಕಡಿಯಿತು. ಅದೇ ತಿಂಗಳು ಕಡಗರವಳ್ಳಿ ಮತ್ತು ಯಡಕುಮರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲೂ ನಿಂತಿತು. ಬಿಸಿಲೆ ಘಾಟಿಯ ತಿರುವುಗಳಲ್ಲಿ ದೊಡ್ಡವರಿಗೇ ಹೊಟ್ಟೆ ತೊಳಸುತ್ತದೆ. ಆದುದರಿಂದ ಮಳೆಗಾಲದಲ್ಲಿ ಹೋಗಲೇಬೇಕಾದರೆ ಹಿಂದಿನ ದಿನವೇ ಮಂಗಳೂರು ಸೇರಿ ಬಂಧುಗಳ ಮನೆಯಲ್ಲಿ ತಂಗುವುದು, ಇಲ್ಲವೇ ದೂರವಾದರೂ ಹಾಸನದ ಮೂಲಕ ಬೆಂಗಳೂರಿನಿಂದ ಹೊರಡುವುದು ವಿವೇಕ. ಅದೂ ಅಲ್ಲದೆ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ತಾಪಮಾನ 40 ಡಿಗ್ರಿ ಮೀರಿರುತ್ತದೆ. ಕಂಬಳಿ ಹೊದ್ದು ಬೆಳೆದ ಮಲೆನಾಡಿನ ಮಗುವನ್ನು ಆ ಬೇಗೆಗೆ ಒಡ್ಡಬೇಕೇ? ಅಲ್ಲಿ ಹಿತವಾದ ಕಾಲ ನವೆಂಬರ್‌ನಿಂದ ಮಾರ್ಚ್. ಆಗ ಇಲ್ಲಿ ಕಾಫಿ ಕೊಯ್ಲು, ಸೊಸೆಯ ಕೈ ಮನೆಗೆ ಬೇಕೆಂಬ ಮಾತು ಬಂದೇ ಬರುತ್ತದೆ. ಕೊಯ್ಲು ಪ್ರತಿ ವರ್ಷ ಬರುತ್ತದೆ, ಮಗುವಿನ ಈ ವಯಸ್ಸು ಬಾರದು ಎಂದು ಹೇಳುವ ಧೈರ್ಯ ಮನೆಯ ಹಿರಿಯರಿಗೆ ಇರಬೇಕು.

ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಪ್ರತ್ಯೇಕ ಆಸನ ಬೇಕಿಲ್ಲ, ತಾಯಿಯ ಮಡಿಲಲ್ಲಿ ಅಲ್ಪ ಶುಲ್ಕದಲ್ಲಿ ಪ್ರಯಾಣಿಸಬಹುದು. ಪ್ರವಾಸದ ನಡುವೆ ಎರಡು ತುಂಬಿದರೆ ಹಿಂದಿರುಗುವಾಗ ಆಸನದ ಟಿಕೆಟ್ ಬೇಕು. ಈ ಲೆಕ್ಕ ತಪ್ಪಿ ವಿಮಾನ ನಿಲ್ದಾಣದಲ್ಲಿ ಪೇಚಾಡುವುದುಂಟು.

ಮಗುವಿನ ಆರೋಗ್ಯದ ವಿಷಯದಲ್ಲಿ ಉದಾಸೀನ ಸಲ್ಲದು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ಹೊರಡುವ ಮುಂಚೆ ತಾಯಿ ಕಾರ್ಡನ್ನು ಆಶಾ ಕಾರ್ಯಕರ್ತೆಗೆ ತೋರಿಸಿ ಬಾಕಿಯಿದ್ದುದನ್ನು ಹಾಕಿಸಲಿ. ವಿಮಾನದಲ್ಲಿ ಮಗು ಅಳಬಾರದೆಂದು ಕೆಮ್ಮಿನ ಸಿರಪ್ ಕುಡಿಸಿ ಮಲಗಿಸುವ ಅಪಾಯಕಾರಿ ಸಲಹೆ ಕೊಡುವವರಿದ್ದಾರೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷಪೂರಿತ ಸಿರಪ್‌ನಿಂದ ಪುಟ್ಟ ಮಕ್ಕಳು ಸತ್ತ ಬಳಿಕ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬಾರದೆಂದು ಕೇಂದ್ರ ಸರಕಾರವೇ ಸೂಚಿಸಿತು. ವಿಮಾನ ಏರುವಾಗ, ಇಳಿಯುವಾಗ ಕಿವಿ ನೋಯುವುದರಿಂದ ಮಗು ಅಳುತ್ತದೆ. ಆ ಹೊತ್ತಿಗೆ ಎದೆಹಾಲೋ ಗುಟುಕು ನೀರೋ ಕೊಟ್ಟರೆ ಸಾಕು. ಆದರೂ ಅತ್ತರೆ ಅಳಲಿ.

ಸೂಟ್‌ಕೇಸಿನ ಕಥೆ ಬೇರೆಯೇ. ಮಗುವಿನ ಬಟ್ಟೆಗೆ ಜಾಗವಿಲ್ಲದಂತೆ ನೆರೆಹೊರೆಯವರ ಪೊಟ್ಟಣಗಳು ಬಂದು ಸೇರುತ್ತವೆ. ಇಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಯು.ಎ.ಇ.ಯಲ್ಲಿ ನಿಷಿದ್ಧ ವಸ್ತು, ವೀಳ್ಯದೆಲೆಯೂ ಹಾಗೆಯೇ. ಅಡುಗೆ ಸಾಮಾನಿನ ಒಂದು ಪೊಟ್ಟಣ ಮಗುವನ್ನು ಎತ್ತಿಕೊಂಡ ತಾಯಿಯನ್ನು ತನಿಖಾ ಕೋಣೆಗೆ ಕೊಂಡೊಯ್ಯಬಲ್ಲುದು. ಯಾರ ಪೊಟ್ಟಣವನ್ನೂ ತೆರೆದು ನೋಡದೆ ಒಯ್ಯಬಾರದು. ಬೇಡವೆನ್ನಲು ದಾಕ್ಷಿಣ್ಯವೆನಿಸಿದರೆ ಆ ಕೆಲಸವನ್ನು ಮಾವನವರಿಗೆ ಒಪ್ಪಿಸಬಹುದು.

ತಂದೆಯ ಕಡೆಯ ಸಿದ್ಧತೆಯೂ ಕಡಿಮೆಯದಲ್ಲ. ಎಂಟು ಜನ ಮಲಗುವ ಕೋಣೆಯಲ್ಲಿ ಒಂದು ಹಾಸಿಗೆಯ ಜಾಗವನ್ನು ಬಾಡಿಗೆಗೆ ಪಡೆದಿರುವಾತ ಹೆಂಡತಿ ಮಗುವನ್ನು ಎಲ್ಲಿ ಇರಿಸುತ್ತಾನೆ? ಈ ಪ್ರಶ್ನೆಯನ್ನು ಆತ ಮನೆಯವರ ಮುಂದೆ ಎತ್ತಲಾರ, ಏಕೆಂದರೆ ತನ್ನ ವಾಸದ ಸ್ಥಿತಿಯನ್ನು ಆತ ಎಂದೂ ಹೇಳಿಕೊಂಡಿರುವುದಿಲ್ಲ. ಫೋನಿನಲ್ಲಿ ಕಾಣುವುದು ಮಾಲ್‌ನ ಕಾರಂಜಿ, ಕೋಣೆಯಲ್ಲ. 2024ರ ಕೊನೆಯಿಂದ ದುಬೈ ಭೇಟಿ ವೀಸಾಕ್ಕೆ ವಸತಿಯ ಮತ್ತು ಮರುಪ್ರಯಾಣದ ಟಿಕೆಟಿನ ಪುರಾವೆಯನ್ನೂ ಕೇಳತೊಡಗಿರುವುದರಿಂದ, ಮೊದಲು ಮೂರು ವಾರಕ್ಕೆ ಒಂದು ಕೋಣೆ, ಬಳಿಕ ವೀಸಾ, ಕೊನೆಗೆ ಉಳಿದ ಖರ್ಚು. ಕೆಲಸಕ್ಕೆ ರಜೆ ದೊರೆಯದಿದ್ದರೆ ತಾಯಿಮಗು ಹಗಲೆಲ್ಲ ನಾಲ್ಕು ಗೋಡೆಗಳ ನಡುವೆ ಕೂರಬೇಕಾಗುತ್ತದೆ. ಹಾಗಾಗುವುದಾದರೆ ತಂದೆಯೇ ಊರಿಗೆ ಬರುವುದು ಲೇಸು ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಹೋದ ಮೇಲೆ ಬಂಧುಗಳ, ಊರವರ ಮನೆಗಳ ಆಹ್ವಾನಗಳು ಶುರುವಾಗುತ್ತವೆ. ಒಂದು ರಾತ್ರಿ ಶಾರ್ಜಾ, ಮರುರಾತ್ರಿ ಅಜ್ಮಾನ್. ನಿದ್ದೆಗೆಟ್ಟ ಮಗುವಿಗೆ ಜ್ವರ ಬರುತ್ತದೆ, ತಂದೆಯ ಜೇಬು ಉಡುಗೊರೆಗೆ ಬರಿದಾಗುತ್ತದೆ. ವಾರಕ್ಕೊಂದು ಮನೆಗಿಂತ ಹೆಚ್ಚು ಒಪ್ಪಿಕೊಳ್ಳದಿರಲು ದಂಪತಿಗಳು ಮೊದಲೇ ನಿರ್ಧರಿಸಲಿ. ವೀಸಾ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ, ಮಗುವಿಗೂ ಬೇರೆಯೇ ದಂಡ. ಹಿಂದಿರುಗುವ ದಿನಾಂಕದ ಹಿಂದೆ ಮುಂದೆ ಎರಡು ದಿನದ ಅಂತರವಿರಲಿ. ಅಲ್ಲಿ ವೀಸಾಕ್ಕಾಗಿ, ಇಲ್ಲಿ ಘಾಟಿಗಾಗಿ.