ಕೊನೇ ಹೊಲಕ್ಕೆ ನೀರು ಬಂತಾ?

ವರ್ಷಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಎಣಿಸಿ ನಿಮ್ಮ ಮ್ಯಾನೇಜರ್ ಅಪ್ರೈಸಲ್ ಮಾಡಿದರೆ ಏನಂತೀರಿ? ಮೂರು ಸಾಲಲ್ಲಿ ಮುಗಿಯೋದನ್ನ ಮುನ್ನೂರು ಸಾಲು ಎಳೆದವನಿಗೇ ಬಡ್ತಿ ಅಂತ ನಗ್ತೀರಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಾಠ ಅಳೆಯೋದು ಹೆಚ್ಚುಕಡಿಮೆ ಹೀಗೇ.

ಯುಜಿಸಿಯ 2018ರ ನಿಯಮಾವಳಿ ತೆಗೆದು ನೋಡ್ರಿ. ಅಧ್ಯಾಪಕರ ಬಡ್ತಿ ಲೆಕ್ಕದಲ್ಲಿ ಪಾಠಕ್ಕೆ ಇಟ್ಟಿರೋ ಅಳತೆ, ವಹಿಸಿದ ತರಗತಿಗಳಲ್ಲಿ ಎಷ್ಟು ತೆಗೆದುಕೊಂಡರು ಅನ್ನೋದು. ಶೇ. 80 ಮುಟ್ಟಿದರೆ ‘ಉತ್ತಮ’, 70 ದಾಟಿದರೆ ‘ತೃಪ್ತಿಕರ’. ಇಪ್ಪತ್ತು ವರ್ಷದ ಹಳೇ ನೋಟ್ಸ್ ಓದಿ ಹೇಳಿದರೂ ಅದು ಒಂದು ತರಗತಿಯೇ. ಸಂಶೋಧನೆಗೆ ಮಾತ್ರ ಅಕ್ಕಸಾಲಿಗನ ತಕ್ಕಡಿ: ವಿಜ್ಞಾನದಲ್ಲಿ ಲೇಖನಕ್ಕೆ 8 ಅಂಕ, ಮಾನವಿಕದಲ್ಲಿ 10. ಸಹ ಪ್ರಾಧ್ಯಾಪಕರು ಪ್ರಾಧ್ಯಾಪಕರಾಗಲು ಕನಿಷ್ಠ 10 ಪ್ರಕಟಣೆ, 110 ಅಂಕ.

ನಮ್ಮೂರು ಮಾನ್ವಿ ತಾಲ್ಲೂಕಿನದು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗ. ಮೇಲಿನವರು ಭತ್ತ ಹಚ್ಚಿದರೆ ನಮಗೆ ನೀರಿಲ್ಲ. ನನ್ನ ತಮ್ಮ ಅರ್ಥಶಾಸ್ತ್ರ ಎಂ.ಎ. ಓದುವಾಗ (ಎಲ್ಲಿ ಅನ್ನೋದು ಬೇಡ) ಒಬ್ಬ ಸರ್ ‘ಎಕ್ಸ್‌ಟರ್ನಾಲಿಟಿ’ ಪಾಠಕ್ಕೆ ಬೋರ್ಡಿನ ಮೇಲೆ ಇದೇ ಕಾಲುವೆ ಬರೆದರಂತೆ. ಲಾಭ ಒಬ್ಬನಿಗೆ, ಅದರ ಬೆಲೆ ತೆರೋನು ಇನ್ನೊಬ್ಬ. ಕೆಳಭಾಗದ ಹುಡುಗರು ಮೇಲಿನವರನ್ನ ಬೈಯೋಕೆ ಶುರು ಮಾಡಿದಾಗ, ಎಂದೂ ಬಾಯಿ ಬಿಡದ ದೇವದುರ್ಗದ ಹುಡುಗಿ ಎದ್ದು ನಿಂತಳು: ‘ಸರ್, ಮ್ಯಾಲಿನವ್ರೇನು ಕಳ್ಳರಲ್ರಿ. ಅವ್ರಿಗೂ ಸಾಲ ಐತಿ. ನೀರು ಬಿಡೋರನ್ನ ಯಾರೂ ಕೇಳವಲ್ರು.’ ಸರ್ ಸೀಮೆಸುಣ್ಣ ಆಕೆಯ ಕೈಗೇ ಕೊಟ್ಟರು. ಅವತ್ತು ರಾತ್ರಿ ತಮ್ಮ ಫೋನಲ್ಲಿ ಅರ್ಧ ತಾಸು ಅದನ್ನೇ ಹೇಳಿದ.

ಆ ಸರ್‌ಗೆ ಇಪ್ಪತ್ತು ವರ್ಷದ ಸರ್ವೀಸು. ಸಂಜೆ ಹುಡುಗರ ಬರಹ ತಿದ್ದುತ್ತಾ ಕೂರ್ತಾರೆ. ಪ್ರಕಟಣೆ ಸಾಲದೆ ಬಡ್ತಿ ನಿಂತಿದೆ. ಹುಡುಗಿ ಎದ್ದು ನಿಂತಿದ್ದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

ಹಾಗಾದ್ರೆ ಸಂಶೋಧನೆ ಬೇಡವಾ? ಬೇಕು. ಆದರೆ ಪಾಠವೇ ಬದುಕಾಗಿರೋರನ್ನ ದುಡ್ಡು ಕೊಟ್ಟು ಲೇಖನ ಅಚ್ಚು ಹಾಕಿಸೋ ಸ್ಥಿತಿಗೆ ದೂಡಿದರೆ ಎರಡೂ ಕೆಡುತ್ತವೆ. ಒಳ್ಳೇ ಪಾಠ ಅಳೆಯೋಕೆ ಆಗಲ್ಲ ಅನ್ನೋದೂ ನೆವ. ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂ ನಂಬಬೇಡಿ, ಅದರಲ್ಲಿ ಧಾರಾಳವಾಗಿ ಮಾರ್ಕ್ಸ್ ಕೊಡೋರು ಗೆಲ್ತಾರೆ. ಓದು ಮುಗಿಸಿ ಮೂರು ವರ್ಷ ಆದವರನ್ನ ಕೇಳಿ. ಬೇರೆ ವಿಶ್ವವಿದ್ಯಾಲಯದ ಇಬ್ಬರು ಹಿರಿಯರು ಬಂದು ತರಗತಿಯಲ್ಲಿ ಕೂತು ನೋಡಲಿ. ಅವರು ತೆಗೆಯೋ ಪ್ರಶ್ನೆಪತ್ರಿಕೆ ನೋಡಲಿ. ಇದಕ್ಕೆಲ್ಲ ಅಂಕ ಕೊಟ್ಟು, ಅಷ್ಟು ಲೇಖನ ಕಡಿಮೆ ಕೇಳಿ.

ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 2023ರಲ್ಲಿ ಉನ್ನತ ಶಿಕ್ಷಣದವರಿಗೂ ತೆರೆಯಿತು, ಆ ವರ್ಷ ಇಡೀ ದೇಶದಲ್ಲಿ 13 ಜನಕ್ಕೆ ಸಿಕ್ಕಿತು. ಸಂತೋಷ. ಆದರೆ ಉಳಿದವರಿಗೆ ಬೇಕಿರೋದು ಶಾಲು, ಹಾರ ಅಲ್ಲ. ನ್ಯಾಕ್ ಫೈಲು, ಮೌಲ್ಯಮಾಪನದ ಹೊರೆಯಿಂದ ಒಂದು ಸೆಮಿಸ್ಟರ್ ಬಿಡುವು. ಪಕ್ಕದಲ್ಲಿ ಕೂತು ಕಲಿಯೋಕೆ ಇಬ್ಬರು ಹೊಸ ಅಧ್ಯಾಪಕರು.

ಎಲ್ಲದಕ್ಕೂ ಕಲಬುರಗಿ ಕಡೆ ನೋಡೋದು ತಪ್ಪಿ ರಾಯಚೂರು, ಯಾದಗಿರಿಗೆ ಸ್ವಂತ ವಿಶ್ವವಿದ್ಯಾಲಯ ಬಂತು. ಅದರ ಕಟ್ಟಡ, ಹೆಸರಿನ ಬಗ್ಗೆ ಬೇಕಾದಷ್ಟು ಮಾತಾಡಿದ್ದೀವಿ. ಒಳಗೆ ನಡೆಯೋ ಪಾಠದ ಬಗ್ಗೆ? ಬೆಂಗಳೂರಲ್ಲಿ ಕೂತ ನಮಗೆ ಪಾಠ ಸರಿಯಿಲ್ಲದಿದ್ದರೆ ಇನ್ನೊಂದು ಕೋರ್ಸ್ ಕೊಳ್ಳೋ ದುಡ್ಡಿದೆ. ದೇವದುರ್ಗದಿಂದ ಬಸ್ಸು ಹತ್ತಿ ಬರೋ ಹುಡುಗಿಗೆ ಇರೋದು ಆ ಒಂದು ತಾಸು.

ತೂಬು ಎಷ್ಟು ತಾಸು ತೆಗೆದಿತ್ತು ಅಂತ ಲೆಕ್ಕ ತೋರಿಸಿದರೆ ಮಾನ್ವಿ ರೈತ ಒಪ್ಪಲ್ಲ. ಕೊನೇ ಹೊಲಕ್ಕೆ ನೀರು ಬಂತಾ ಅಂತ ಕೇಳ್ತಾನೆ. ಯುಜಿಸಿಯವರೂ ಅದನ್ನೇ ಕೇಳಲಿ.