ಬಿರುಕು ಮುಚ್ಚಿದರೆ ದುರಸ್ತಿಯಾಯಿತೇ?

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಮೊದಲು ಬರುವವನು ಬಣ್ಣದವನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲಿ ನೋಡಿದರೂ ಇದೇ ರೂಢಿ. ಆ ಅವಸರದಲ್ಲಿ ಹಳೆಯ ಮನೆಗಳ ಮರದ ಮೆಟ್ಟಿಲಿನ ಕಟಾಂಜನಕ್ಕೆ ನಾವು ಮಾಡುತ್ತಿರುವ ಅನ್ಯಾಯವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಇದೇನು ಮಹಾ ವಿಷಯವೆಂದು ಓದುಗರು ನಗಬಾರದು.

ನಮ್ಮ ತೀರ್ಥರೂಪರು ಕಟ್ಟಿಸಿದ ಮನೆಯಲ್ಲಿ ಮಾಳಿಗೆಗೆ ಸಾಗುವಾನಿಯ ಮೆಟ್ಟಿಲುಗಳಿವೆ. ಕೆಲವು ವರ್ಷಗಳ ಹಿಂದೆ, ವೈಶಾಖದ ಉರಿಬಿಸಿಲಿನಲ್ಲಿ, ಮಗಳ ಮದುವೆಗೆ ಎಂಟು ದಿನವಿರುವಾಗ, ಗೋಡೆಗೆ ಹಚ್ಚಿ ಉಳಿದ ಸಿಮೆಂಟ್ ಪುಟ್ಟಿಯನ್ನೇ ಕಟಾಂಜನದ ಬಿರುಕುಗಳಿಗೂ ತುಂಬಿ, ಮೇಲೆ ಎಣ್ಣೆಬಣ್ಣ ಬಳಿಯಲಾಯಿತು. ಕನ್ನಡಿಯಂತೆ ಹೊಳೆಯಿತು. ನಾನೂ ತಲೆದೂಗಿದೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಶ್ರಾವಣದ ಹೊತ್ತಿಗೆ ಪುಟ್ಟಿ ಹಕ್ಕಳೆಯಾಗಿ ಉದುರತೊಡಗಿತು. ಒಂದು ಸಂಜೆ ನನ್ನ ಶ್ರೀಮತಿಯವರು ಇಳಿಯುವಾಗ ಹಿಡಿದ ಕಂಬಿ ಬುಡಸಮೇತ ಕಿತ್ತು ಕೈಗೆ ಬಂದಿತು. ಕೆಳಗೆ ಶಹಾಬಾದ ಕಲ್ಲಿನ ನೆಲ. ಇನ್ನು ಮೂರೇ ಮೆಟ್ಟಿಲು ಉಳಿದಿದ್ದರಿಂದ ಕಾಲು ಉಳುಕಿತಷ್ಟೆ. ಮೇಲಿನ ಮೆಟ್ಟಿಲಿನಲ್ಲಿ ಮೊಮ್ಮಗ ಒರಗಿ ನಿಂತಿದ್ದರೆ ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಆ ಕಂಬಿ ಸಡಿಲವಾಗಿದೆಯೆಂದು ಅದರ ಬುಡದ ಬಿರುಕು ಹೇಳುತ್ತಲೇ ಇತ್ತು. ನಾವು ಅದರ ಬಾಯಿಗೆ ಪುಟ್ಟಿ ಮೆತ್ತಿದೆವು. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೇ?

ನಮ್ಮ ಭಾಗದ ನೆಲದಡಿ ಸುಣ್ಣದಕಲ್ಲು, ನೆಲದ ಮೇಲೆ ಸಿಮೆಂಟ್ ಕಾರ್ಖಾನೆ. ಆದ್ದರಿಂದಲೋ ಏನೋ, ಎಲ್ಲ ರೋಗಕ್ಕೂ ಸಿಮೆಂಟೇ ಮದ್ದೆಂದು ನಂಬಿದ್ದೇವೆ. ಮರಕ್ಕೆ ಅದು ಸಲ್ಲದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮರ ಒಣಗಿ ಅಡ್ಡಗಲಕ್ಕೆ ಕುಗ್ಗುತ್ತದೆ. ಮಳೆಗಾಲದ ತೇವ ಕುಡಿದು ಮತ್ತೆ ಉಬ್ಬುತ್ತದೆ. ಗೋಡೆಗೆಂದು ಮಾಡಿದ ಪುಟ್ಟಿ ಕಲ್ಲಿನಂತೆ ಗಟ್ಟಿ. ಅದು ಮರದೊಡನೆ ಕುಗ್ಗದು, ಹಿಗ್ಗದು. ಬೇಸಿಗೆಯ ಅಗಲವಾದ ಬಿರುಕಿಗೆ ಅದನ್ನು ತುರುಕಿದರೆ ಆಷಾಢದಲ್ಲಿ ಮರವೇ ಅದನ್ನು ಹೊರದಬ್ಬುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಪ್ರತಿಯೊಂದು ಕಂಬಿಯನ್ನೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡಬೇಕು. ಅಲುಗಿದರೆ ಅದು ಬಣ್ಣದವನ ಕೆಲಸವಲ್ಲ, ಬಡಿಗನ ಕೆಲಸ: ಸಂದಿನ ಹಳೆಯ ಅಂಟು ಕೆರೆದು, ಹೊಸ ಅಂಟು ಹಚ್ಚಿ, ಬೇಕಾದಲ್ಲಿ ಬೆಣೆ ಬಡಿದು ಬಿಗಿಗೊಳಿಸಬೇಕು. ಉದ್ದಕ್ಕೆ ಸೀಳಿದ್ದರೆ ಅದೇ ಜಾತಿಯ ಮರದ ತೆಳು ಚಕ್ಕೆಯನ್ನು ಅಂಟಿನೊಡನೆ ಕೂರಿಸಬೇಕು. ಮೊಳೆಯ ತೂತು, ಕೂದಲೆಳೆಯ ಬಿರುಕುಗಳಿಗೆ ಮಾತ್ರ ಪುಟ್ಟಿ. ಅದೂ ಮರಕ್ಕೆಂದೇ ಮಾಡಿದ್ದು, ಅಥವಾ ಸೀಮೆಸುಣ್ಣದ ನಯವಾದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಹಳೆಯ ಪುಟ್ಟಿ. ಅದನ್ನು ತುಂಬುವ ಮುನ್ನ ಒಂದು ಕೈ ಪ್ರೈಮರ್ ಬಳಿಯಬೇಕು. ಇಲ್ಲವಾದರೆ ಒಣಮರ ಎಣ್ಣೆಯನ್ನೆಲ್ಲ ಹೀರಿ ಪುಟ್ಟಿಯನ್ನು ಪುಡಿಗಟ್ಟಿಸುತ್ತದೆ. ಕಾಲವೂ ಮುಖ್ಯ: ಮಳೆ ಮುಗಿದು ಮರ ಹದಕ್ಕೆ ಬರುವ ದೀಪಾವಳಿಯ ಸುಮಾರು ಈ ಕೆಲಸಕ್ಕೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರುಗಳಲ್ಲಿ ಎಷ್ಟಾದರೂ ಇರಬಹುದು. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜದೆ ನೀರು ತಾಗಿಸಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

“ಸರ್, ಇಷ್ಟಕ್ಕೆಲ್ಲ ವೇಳೆ ಎಲ್ಲಿದೆ?” ಎನ್ನುವವರಿದ್ದಾರೆ. ಮಂಟಪದ ಹೂವಿಗೆ, ಊಟದ ಬಗೆಗಳಿಗೆ ತಿಂಗಳುಗಟ್ಟಲೆ ಚರ್ಚಿಸುವ ನಮಗೆ ಅಜ್ಜಿಯೂ ಮೊಮ್ಮಗುವೂ ದಿನವೂ ಹಿಡಿಯುವ ಕಟಾಂಜನಕ್ಕೆ ಎರಡು ದಿನವಿಲ್ಲವೇ? ಬಣ್ಣದವನನ್ನು ದೂರಿ ಫಲವಿಲ್ಲ. ಅವನಿಗೆ ನಾವು ಕೊಟ್ಟ ಗಡುವು ಎಂಟು ದಿನ, ಕೇಳಿದ್ದು ಹೊಳಪು. ಅವನು ಹೊಳಪನ್ನೇ ಕೊಟ್ಟ.

ತರಗತಿಯಲ್ಲಿಯೂ ನಾನು ಇದನ್ನು ಕಂಡಿದ್ದೇನೆ. ಭಾಗಾಕಾರ ಬಾರದ ಹುಡುಗನಿಗೆ ಉತ್ತರ ಬಾಯಿಪಾಠ ಮಾಡಿಸಿ ದಾಟಿಸಿದರೆ ಅಂಕಪಟ್ಟಿ ಹೊಳೆಯುತ್ತದೆ. ಹುಡುಗ ಮುಂದಿನ ಮೆಟ್ಟಿಲಲ್ಲಿ ಜಾರುತ್ತಾನೆ.

ಓದುಗ ಮಿತ್ರರೇ, ಈ ದಿನವೇ ನಿಮ್ಮ ಮನೆಯ ಕಟಾಂಜನವನ್ನೊಮ್ಮೆ ಅಲುಗಿಸಿ ನೋಡಿ. ಬಣ್ಣದ ಡಬ್ಬಿ ಆಮೇಲೆ ತರುವಿರಂತೆ.